ಏಳನೇ ನಂಬರಿನ ಎರಡು ಬೋಲ್ಟು

ಆ ಫಾರ್ಮಿನ ಹದಿನಾಲ್ಕನೇ ಪ್ರಶ್ನೆಗೆ ನಾನು ಬರೆದ ಉತ್ತರ ಸುಳ್ಳಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೈಲಹೊಂಗಲದಲ್ಲಿ ಈಗಲೂ ಕೆಲವರು ನನ್ನನ್ನು ಕಂಡಾಗ ಅದನ್ನೇ ನೆನೆದು ನಗುತ್ತಾರೆ. ಪ್ರಶ್ನೆ ಹೀಗಿತ್ತು: ನಿಮ್ಮಲ್ಲಿ ಸಮುದ್ರದ ಮೇಲೆ ಕೆಲಸ ಮಾಡಿದ ಅನುಭವ ಇರುವವರು ಎಷ್ಟು ಮಂದಿ? ನಾನು ಬರೆದೆ: ಒಬ್ಬರು, ಅಲ್ಪಾವಧಿ.

ಆ ಒಬ್ಬರು ನಮ್ಮ ಮಿಸ್ತ್ರಿ. ಅಲ್ಪಾವಧಿ ಎಂದರೆ ಒಂದು ಮಧ್ಯಾಹ್ನ. ಗೋವಾದ ಬಂದರಿನಾಚೆ ಲಂಗರು ಹಾಕಿ ನಿಂತಿದ್ದ ಬಾರ್ಜೊಂದರಲ್ಲಿ ನಮ್ಮ ನಾಲ್ಕು ಬೋಲ್ಟು ಸರಿಯಾಗಿ ಕೂರುತ್ತಿಲ್ಲ ಎಂದು ತಕರಾರು ಬಂದಾಗ ಅವರನ್ನು ಕಳಿಸಿದ್ದೆವು. ದೋಣಿ ದಂಡೆ ಬಿಟ್ಟ ಹತ್ತು ನಿಮಿಷಕ್ಕೆ ಬೆಳಗಿನ ಉಪ್ಪಿಟ್ಟು ಸಮುದ್ರದ ಪಾಲಾಯಿತಂತೆ. ಬಾರ್ಜಿನ ಮೇಲೆ ಅವರು ಬೋರಲು ಮಲಗಿ, ಕಣ್ಣು ಬಿಟ್ಟರೆ ಮತ್ತೆ ಹೊಟ್ಟೆ ತೊಳಸುತ್ತದೆಂದು ಕಣ್ಣು ಮುಚ್ಚಿಕೊಂಡೇ, ಬೆರಳಲ್ಲಿ ತಡವಿ ತಡವಿ ನಾಲ್ಕನ್ನೂ ಕೂರಿಸಿ ಬಂದರು. ಕಣ್ಣು ಮುಚ್ಚಿ ಮಾಡಿದರೂ ಕೆಲಸ ಕೆಲಸವೇ. ಹಾಗಾಗಿ ನನ್ನ ಉತ್ತರ ಸುಳ್ಳಲ್ಲ.

ನಮ್ಮ ವರ್ಕ್‌ಶಾಪು ಬೈಲಹೊಂಗಲದ ಹೊರಗಿದೆ. ತಗಡಿನ ಚಾವಣಿ, ಐದು ಲೇಥು, ಹನ್ನೊಂದು ಜನ. ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಬೇಕು. ಆದರೂ ನಾವು ಮಾಡುವುದೆಲ್ಲ ಸಮುದ್ರಕ್ಕೇ. ಕಡಲ ನಡುವೆ ಎಣ್ಣೆ, ಗ್ಯಾಸು ತೆಗೆಯುವ ಕಟ್ಟೆಗಳಿರುತ್ತವಲ್ಲ, ಅಲ್ಲಿಯ ಪೈಪುಗಳನ್ನು ಒಂದಕ್ಕೊಂದು ಬಿಗಿಯುವ ತಲೆಯಿಲ್ಲದ ಬೋಲ್ಟುಗಳು. ಎರಡೂ ತುದಿಗೆ ನಟ್ಟು ಹಾಕಿ ಬಿಗಿಯುವಂಥವು. ನಾನು ಮೊದಲು ಖಾಸಗಿ ಸಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಸಾಲೆ ಮುಚ್ಚಿದ ಮೇಲೆ ಇಲ್ಲಿ ಕಾಗದಪತ್ರ ಬರೆಯಲು ಸೇರಿಕೊಂಡೆ. ಕೆಲವು ವರ್ಷಗಳಲ್ಲಿ ಹಳೆಯ ಮಾಲೀಕರು ಪುಣೆಗೆ, ಮಗಳ ಊರಿಗೆ ಹೊರಟು ನಿಂತಾಗ, ವರ್ಕ್‌ಶಾಪನ್ನು ನಾನೂ ಮಿಸ್ತ್ರಿಯೂ ಸೇರಿ ವಹಿಸಿಕೊಂಡೆವು. ಪಾಠ ಬಿಟ್ಟು ಎಷ್ಟು ವರ್ಷವಾದರೂ ಎಲ್ಲರಿಗೂ ನಾನು ಅಕ್ಕೋರೇ.

ಮಿಸ್ತ್ರಿ ಕಿತ್ತೂರಿನ ಕಡೆಯವರು. ಅವರ ತಂದೆಯ ಕಾಲಕ್ಕೆ ಮನೆತನವೇ ಬೌದ್ಧ ಧರ್ಮಕ್ಕೆ ಬಂದಿತ್ತು. ಮೂವತ್ತು ವರ್ಷದಿಂದ ಲೇಥಿನ ಮುಂದೆ ನಿಂತಿದ್ದಾರೆ. ಉಕ್ಕಿನ ಸರಳಿನ ಮೇಲೆ ಸುರುಳಿ ಸುರುಳಿಯಾಗಿ ಥ್ರೆಡ್ಡು ಕಡೆಯುವುದರಲ್ಲಿ ಅವರನ್ನು ಮೀರಿಸುವವರು ಬೆಳಗಾವಿಯವರೆಗೂ ಇಲ್ಲ. ಇದು ನನ್ನ ಅಭಿಪ್ರಾಯವಲ್ಲ, ಅವರದೇ.

ನಮ್ಮ ಮಾಲೆಲ್ಲ ಮುಂಬೈಯ ಒಬ್ಬ ಶೇಠರ ಮೂಲಕ ಹೋಗುತ್ತದೆ. ಕೆಲವು ವರ್ಷದ ಹಿಂದೆ ಒಂದು ಬೆಳಿಗ್ಗೆ ಶೇಠರ ಫೋನು ಬಂತು. ಎಣ್ಣೆಯವರ ಆರ್ಡರು ಇನ್ನು ಮುಂದೆ ಮೊದಲಿನ ಹಾಗೆ ಇರುವುದಿಲ್ಲ, ಪರದೇಶಗಳಲ್ಲಿ ಸಮುದ್ರದ ನಡುವೆ ಗಾಳಿಯಂತ್ರ ನಿಲ್ಲಿಸುತ್ತಿದ್ದಾರೆ, ಅವಕ್ಕೆ ಬೋಲ್ಟು ಬೇಕು, ನೀವು ಅತ್ತ ಹೊರಳಬೇಕು ಎಂದರು. ಅವರ ಪ್ರಕಾರ ಅದರಲ್ಲಿ ಕಷ್ಟವೇನೂ ಇರಲಿಲ್ಲ. ಅದೇ ಸಮುದ್ರ, ಅದೇ ಉಪ್ಪು, ಅದೇ ತುಕ್ಕು. ಮೇಲೆ ನಿಂತಿರುವ ಯಂತ್ರ ಮಾತ್ರ ಬೇರೆ. ಆಮೇಲೆ ಅರವತ್ತು ಪ್ರಶ್ನೆಗಳ ಆ ಫಾರ್ಮು ಬಂತು. ಗಾಳಿ ವಿದ್ಯುತ್ತಿನ ಅನುಭವ ಇದೆಯೇ ಎಂದೂ ಅದರಲ್ಲಿ ಕೇಳಿದ್ದರು. ಇದೆ ಎಂದು ಬರೆದೆ. ಸವದತ್ತಿ ಗುಡ್ಡದ ಒಂದು ಗಾಳಿಯಂತ್ರದ ಏಣಿಗೆ ನಾವು ಹಿಂದೆ ಎಂಟು ಬೋಲ್ಟು ಮಾಡಿಕೊಟ್ಟಿದ್ದೆವು. ಎಷ್ಟು ಅನುಭವ ಎಂದು ಫಾರ್ಮಿನಲ್ಲಿ ಕೇಳಿರಲಿಲ್ಲ, ನಾನೂ ಹೇಳಲಿಲ್ಲ.

ಶೇಠರ ಮಾತನ್ನು ಮಿಸ್ತ್ರಿ ಪೂರ್ತಿ ನಂಬಲಿಲ್ಲ. ಕೈಯಲ್ಲಿ ಹಿಡಿದು ನೋಡದೆ ಏನನ್ನೂ ನಂಬುವವರಲ್ಲ ಅವರು. ಅವರ ತಂಗಿಯ ಅಳಿಯ ಸವದತ್ತಿ ಗುಡ್ಡದ ಗಾಳಿಯಂತ್ರಗಳ ದುರಸ್ತಿ ಕೆಲಸದಲ್ಲಿದ್ದ. ಒಂದು ಮಂಗಳವಾರ ನಾವಿಬ್ಬರೂ ಅಲ್ಲಿಗೆ ಹೊರಟೆವು. ಅತ್ತೆಯವರಿಗೆ ನಾನು ಸವದತ್ತಿ ಗುಡ್ಡಕ್ಕೆ ಹೋಗಿ ಬರುತ್ತೇನೆ ಎಂದಷ್ಟೇ ಹೇಳಿದೆ. ಅವರು ಎಲ್ಲಮ್ಮನಿಗೆಂದು ಕಾಯಿ, ಹೂವು, ಎಲೆ ಅಡಿಕೆಯ ಚೀಲ ಕೊಟ್ಟು ಕಳಿಸಿದರು. ತಿದ್ದಲು ಹೋಗಲಿಲ್ಲ. ಬರುವಾಗ ದರ್ಶನವನ್ನೂ ಮಾಡಿ ಬಂದೆನಾದ್ದರಿಂದ ಅದೂ ಸುಳ್ಳಾಗಲಿಲ್ಲ.

ಅಳಿಯ ನಮ್ಮ ತಲೆಗೆ ಹೆಲ್ಮೆಟ್ ಹಾಕಿ ಕಂಬದ ಬುಡದ ಬಾಗಿಲು ತೆರೆದ. ದೂರದಿಂದ ಊದುಬತ್ತಿಯ ಹಾಗೆ ಕಾಣುವ ಕಂಬ. ಒಳಗೆ ನಮ್ಮ ಆಫೀಸಿಗಿಂತ ದೊಡ್ಡ ಕೋಣೆ. ಗೋಡೆಯ ಸುತ್ತ ಬುಡದಲ್ಲಿ ಬೋಲ್ಟು, ಬೋಲ್ಟು, ಬೋಲ್ಟು. ಎಲ್ಲವೂ ಒಂದೇ ಅಳತೆ, ಒಂದೇ ಎತ್ತರ. ಅಲ್ಲೇ ನನಗೆ ಮೊದಲ ವ್ಯತ್ಯಾಸ ತಿಳಿದದ್ದು. ಎಣ್ಣೆಯವರು ಹತ್ತು ನಮೂನೆಯ ಬೋಲ್ಟು ಕೇಳುತ್ತಾರೆ, ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ, ಎಲ್ಲವೂ ನಾಳೆಯೇ ಬೇಕು. ಗಾಳಿಯವರಿಗೆ ಒಂದೇ ನಮೂನೆ ಸಾವಿರಗಟ್ಟಲೆ ಬೇಕು, ಒಂದಕ್ಕೊಂದು ಅವಳಿಜವಳಿಯ ಹಾಗೆ.

ಎರಡನೆಯ ವ್ಯತ್ಯಾಸವನ್ನು ಅಳಿಯ ವಿವರಿಸಿದ. ಪೈಪನ್ನು ಬಿಗಿದ ಬೋಲ್ಟಿನ ಮೇಲೆ ಎಳೆತ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಇಲ್ಲಿ ರೆಕ್ಕೆ ಒಂದು ಸುತ್ತು ತಿರುಗಿದರೆ ಕಂಬ ಒಮ್ಮೆ ತೊನೆಯುತ್ತದೆ, ಬೋಲ್ಟು ಒಮ್ಮೆ ಜಗ್ಗಿಸಿಕೊಂಡು ಸಡಿಲಾಗುತ್ತದೆ, ವರ್ಷವಿಡೀ, ಹಗಲೂ ರಾತ್ರಿ. ಬೋಲ್ಟು ತುಕ್ಕಿನಿಂದ ಸಾಯುವ ಮೊದಲೇ ದಣಿವಿನಿಂದ ಸಾಯಬಹುದು.

ಮಿಸ್ತ್ರಿ ಇದನ್ನು ಕೇಳುತ್ತಿದ್ದರೋ ಇಲ್ಲವೋ. ಅವರು ಮಂಡಿಯೂರಿ ಒಂದು ಬೋಲ್ಟಿನ ತುದಿಯ ಮೇಲೆ ಉಗುರು ಆಡಿಸುತ್ತಿದ್ದರು. ತುದಿಯ ನಟ್ಟನಡುವೆ ಸಣ್ಣದೊಂದು ತಗ್ಗಿತ್ತು.

"ಇದನ್ನ ಕಡದಿಲ್ಲ," ಎಂದರು ಅವರು ಎದ್ದು ನಿಂತು. "ಒತ್ತ್ಯಾರ."

ಅಂದರೆ ಉಳಿಯಿಂದ ಲೋಹ ಕೆತ್ತಿ ಥ್ರೆಡ್ಡು ತೆಗೆದದ್ದಲ್ಲ. ಎರಡು ಗಟ್ಟಿ ರೋಲರುಗಳ ನಡುವೆ ಸರಳನ್ನು ಹಾಕಿ ಒತ್ತಿ ಮೂಡಿಸಿದ್ದು. ಒತ್ತುವಾಗ ಹೊರಮೈಯ ಲೋಹ ತುದಿಯತ್ತ ಸರಿದು ನಡುವೆ ಆ ತಗ್ಗು ಉಳಿಯುತ್ತದೆ. ಹಾಗೆ ಒತ್ತಿದ್ದು ದಣಿವನ್ನು ಹೆಚ್ಚು ತಾಳುತ್ತದೆ, ಗಾಳಿಯಂತ್ರಕ್ಕೆ ಅದೇ ಆಗಬೇಕು ಎಂದು ಅಳಿಯ ಹೇಳಿದ. ಮಿಸ್ತ್ರಿ ಅವನಿಗೆ ಎದುರು ಮಾತಾಡಲಿಲ್ಲ. ಬೈಲಹೊಂಗಲದ ಬಸ್ಸು ಹತ್ತಿದ ಮೇಲೆ ಶುರು ಮಾಡಿದರು. ಕೈಯಿಂದ ಕಡೆದ ಥ್ರೆಡ್ಡಿಗೂ ಮಷೀನು ಅದುಮಿದ ಥ್ರೆಡ್ಡಿಗೂ ಹೋಲಿಕೆಯೇ ಇಲ್ಲ, ತಾವು ಕಡೆದ ಬೋಲ್ಟು ಮುರಿದು ವಾಪಸು ಬಂದದ್ದೇ ಇಲ್ಲ, ತಂಗಿ ಮಗಳನ್ನು ಕೊಡುವಾಗಲೇ ಆ ಹುಡುಗನ ಬಗ್ಗೆ ತಮಗೆ ಅನುಮಾನವಿತ್ತು. ಮುರಗೋಡ ದಾಟುವವರೆಗೂ ಇದೇ.

ಆದರೂ ಕೊಲ್ಹಾಪುರದಿಂದ ಹಳೆಯ ರೋಲಿಂಗ್ ಮಷೀನು ತರಿಸಿದೆವು. ಮಿಸ್ತ್ರಿ ಅದನ್ನು ಶೆಡ್ಡಿನ ಮೂಲೆಯಲ್ಲಿ, ಶೌಚಾಲಯದ ಬಾಗಿಲಿನ ಎದುರಿಗೆ ನಿಲ್ಲಿಸಿದರು. ಜಾಗ ಅಲ್ಲಿಯೇ ಇತ್ತು ಎಂದು ಅವರ ವಾದ.

ಇತ್ತ ನನ್ನ ಪಾಲಿಗೆ ಬಂದದ್ದು ಕಾಗದ. ಗಾಳಿಯವರಿಗೆ ಪ್ರತಿ ಬೋಲ್ಟಿನ ಹುಟ್ಟು ಗೊತ್ತಾಗಬೇಕು. ಯಾವ ಕುಲುಮೆಯಲ್ಲಿ ಕರಗಿದ ಉಕ್ಕು, ಯಾವ ತಂಡದ ಜೊತೆ ಕಾಯಿಸಿ ಹದ ಮಾಡಿದ್ದು, ಯಾವ ದಿನ ಲೇಪ ಹಾಕಿದ್ದು, ಎಲ್ಲಕ್ಕೂ ನಂಬರು. ಎಣ್ಣೆಯವರಿಗೂ ಇಂಥವು ಬೇಕಾಗುತ್ತಿದ್ದವು, ಆ ರೂಢಿ ನಮಗೆ ಇಲ್ಲಿ ಉಪಯೋಗಕ್ಕೆ ಬಂತು. ಇವರದು ಇನ್ನೂ ಎರಡು ಕೈ ಮೇಲೆ. ರಾಮದುರ್ಗದ ತವರಿಗೆ ಹೋದಾಗ ಆ ಕಾಗದಗಳನ್ನು ಹರಡಿಕೊಂಡು ಕೂತಿದ್ದೆ. ಅಪ್ಪ ಪೌರೋಹಿತ್ಯ ಮಾಡಿಸುವವರು, ಸಂಸ್ಕೃತ ಕಲಿಸುವವರು. ಕನ್ನಡಕ ಏರಿಸಿ ಒಂದೊಂದೇ ಹಾಳೆ ನೋಡಿದರು.

"ಬೋಲ್ಟಿಗೂ ಗೋತ್ರ ಕೇಳ್ತಾರೇನವಾ?" ಎಂದರು.

ಹೌದು, ಪ್ರವರ ಸಹಿತ ಎಂದೆ. ಅವರಿಗೆ ಬಹಳ ಸಂತೋಷವಾಯಿತು. ಒಂದು ಗಂಟೆ ಕೂತು, ಕುಲುಮೆಯಿಂದ ಬೋಲ್ಟಿನವರೆಗೆ ವಂಶವೃಕ್ಷದ ಹಾಗೆ ಗೀಟು ಎಳೆದು ಒಂದು ನಕಾಶೆ ಮಾಡಿಕೊಟ್ಟರು. ಅದು ಎಷ್ಟು ಚೊಕ್ಕವಾಗಿತ್ತೆಂದರೆ ಇಂದಿಗೂ ನಾವು ಬಳಸುವುದು ಅದನ್ನೇ. ಮರುದಿನ ವರ್ಕ್‌ಶಾಪಿನಲ್ಲಿ ಅದನ್ನು ಮಿಸ್ತ್ರಿಗೆ ತೋರಿಸಿ, ಅಪ್ಪ ಹೇಳಿದ್ದನ್ನೂ ಹೇಳಿದೆ. ಅವರು ನಕಾಶೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ನಮ್ಮ ಮನ್ಯಾಗ ಇದನ್ನೆಲ್ಲಾ ಕೇಳೂದು ಬಿಟ್ಟು ಎರಡ ತಲಿಮಾರ ಆತ್ರಿ ಅಕ್ಕೋರ. ಈಗ ಬೋಲ್ಟಿಗೆ ಕೇಳೂ ಪಾಳಿ ಬಂತು."

ಅವರು ನಗದೆ ಹೇಳಿದರು. ನಾನೂ ನಗದೆ ತಲೆಯಾಡಿಸಿದೆ. ಆಮೇಲೆ ಇಬ್ಬರಿಗೂ ತಡೆಯಲಾಗಲಿಲ್ಲ.

ಗಾಳಿಯವರ ಪರೀಕ್ಷೆಗೆ ರೋಲಿಂಗ್ ಮಷೀನಿನಲ್ಲಿ ಒತ್ತಿದ ಹನ್ನೆರಡು ಬೋಲ್ಟು ಸಿದ್ಧಪಡಿಸಿ, ಒಂದರಿಂದ ಹನ್ನೆರಡರವರೆಗೆ ನಂಬರು ಕೆತ್ತಿ ಇಡಬೇಕಿತ್ತು. ಅವರ ಪರಿಶೀಲಕರು ಬಂದು ಅದರಲ್ಲಿ ತಮಗೆ ಬೇಕಾದ್ದನ್ನು ಆರಿಸಿ ಲ್ಯಾಬಿಗೆ ಕಳಿಸುತ್ತಾರೆ. ಅವರು ಬರುವ ದಿನ ಬೆಳಿಗ್ಗೆ ನಾನು ಪೆಟ್ಟಿಗೆ ತೆರೆದು ನೋಡಿದೆ. ಹನ್ನೆರಡೇ ಇದ್ದವು. ಆದರೆ ಹನ್ನೊಂದರ ತುದಿಯಲ್ಲಿ ಆ ಸಣ್ಣ ತಗ್ಗು, ಒಂದರ ತುದಿ ಮಾತ್ರ ಕನ್ನಡಿಯ ಹಾಗೆ ಸಪಾಟು. ತಿರುಗಿಸಿದೆ. ಏಳನೇ ನಂಬರು. ಥ್ರೆಡ್ಡಿನ ಏರಿಳಿತದ ಮೇಲೆ ಬೆಳಕು ಬೆಣ್ಣೆಯ ಹಾಗೆ ಜಾರುತ್ತಿತ್ತು. ಅದು ಮಿಸ್ತ್ರಿಯ ಕೈಯ ಕೆಲಸ ಎನ್ನಲು ಸಹಿ ಬೇಕಿರಲಿಲ್ಲ.

ಆಗ ನಾನು ಅದನ್ನು ತೆಗೆದಿಡಬಹುದಿತ್ತು. ತೆಗೆಯಲಿಲ್ಲ. ನೋಡಿಲ್ಲವೆಂದು ಆಮೇಲೆ ಕೆಲವರ ಮುಂದೆ ಹೇಳಿದ್ದೇನೆ, ಅದು ಮಾತ್ರ ಶುದ್ಧ ಸುಳ್ಳು. ನನಗೂ ನೋಡಬೇಕಿತ್ತು. ಅಷ್ಟು ವರ್ಷ ಪಕ್ಕದಲ್ಲಿ ಕೂತು ಆ ಕೈಗಳನ್ನು ನೋಡಿದ ಮೇಲೆ, ಕೊಲ್ಹಾಪುರದ ಆ ಗಡಗಡ ಮಷೀನು ಅವರನ್ನು ಸೋಲಿಸುತ್ತದೆಂದು ನನಗೂ ಒಪ್ಪಿಗೆಯಾಗಿರಲಿಲ್ಲ. ಪೆಟ್ಟಿಗೆ ಮುಚ್ಚಿ ಚಹಾಕ್ಕೆ ಹೇಳಿದೆ.

ಪರಿಶೀಲಕರು ಮಂಗಳೂರಿನವರು, ಐವತ್ತರ ಆಸುಪಾಸು, ಮೆಲುಮಾತಿನ ಮನುಷ್ಯ. ಸೂಟುಬೂಟಿನವರು ಬರುತ್ತಾರೆಂದು ಕಾದಿದ್ದ ನಮ್ಮೆದುರು ಬಿಳಿ ಅಂಗಿಯ ತೋಳು ಮಡಚಿಕೊಂಡು ಇಳಿದರು. ತಾವೂ ಇಪ್ಪತ್ತು ವರ್ಷ ಎಣ್ಣೆ ಕಟ್ಟೆಗಳ ಮೇಲೆ ಕೆಲಸ ಮಾಡಿ ಈಗ ಗಾಳಿಯ ಕಡೆ ಬಂದವರು ಎಂದು ಪರಿಚಯ ಹೇಳಿಕೊಂಡರು. ಫಾರ್ಮು ತೆಗೆದು ಸೀದಾ ಹದಿನಾಲ್ಕಕ್ಕೆ ಬೆರಳಿಟ್ಟರು.

"ಈ ಅಲ್ಪಾವಧಿ ಅಂದ್ರೆ ಎಂತ ಮೇಡಂ?"

ನಾನು ಮಿಸ್ತ್ರಿಯ ಕಡೆ ನೋಡಿದೆ. ಮಿಸ್ತ್ರಿ ಬಾರ್ಜಿನ ಕಥೆಯನ್ನು ಉಪ್ಪಿಟ್ಟು ಸಹಿತ, ಒಂದಕ್ಷರ ಬಿಡದೆ ಹೇಳಿದರು. ಪರಿಶೀಲಕರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು, ಆದರೆ ಅವರ ಭುಜ ಕುಣಿಯುತ್ತಿತ್ತು. ಕಡೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ದೊಡ್ಡ ದೊಡ್ಡ ಎಣ್ಣೆ ಸರಬರಾಜುದಾರರು ಸಮುದ್ರವನ್ನೇ ಅರೆದು ಕುಡಿದವರ ಹಾಗೆ ಇನ್ನೂರು ಪುಟ ಬರೆದು ಕಳಿಸುತ್ತಾರಂತೆ. ಒಂದು ಮಧ್ಯಾಹ್ನವನ್ನು ಅಲ್ಪಾವಧಿ ಎಂದು ಬರೆದವರನ್ನು ನೋಡಬೇಕೆನಿಸಿ ಈ ವರ್ಕ್‌ಶಾಪನ್ನು ಪಟ್ಟಿಯಲ್ಲಿ ಉಳಿಸಿಕೊಂಡೆ ಎಂದರು. ನಾನು ಉಬ್ಬಿದೆ. ಆ ಉಬ್ಬು ಅರ್ಧ ಗಂಟೆ ಉಳಿಯಿತು.

ಅಪ್ಪನ ನಕಾಶೆಯನ್ನು ಅವರು ಎರಡು ಸಲ ನೋಡಿ ಫೋಟೋ ತೆಗೆದುಕೊಂಡರು. ಆಮೇಲೆ ಪೆಟ್ಟಿಗೆಯ ಬೋಲ್ಟುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಏಳನೆಯದನ್ನು ಕೈಗೆತ್ತಿಕೊಂಡು ತುದಿ ನೋಡಿದರು. ಎದ್ದು ಸೀದಾ ರೋಲಿಂಗ್ ಮಷೀನಿನ ಹತ್ತಿರ ಹೋದರು. ಅದರ ಹಿಂದಿನ ಕಪಾಟಿನ ಮೇಲೆ, ಎಣ್ಣೆ ಬಟ್ಟೆಯಡಿ, ಇನ್ನೊಂದು ಏಳನೇ ನಂಬರು ಸಿಕ್ಕಿತು. ಅದರ ತುದಿಯಲ್ಲಿ ತಗ್ಗಿತ್ತು. ಎರಡನ್ನೂ ತಂದು ಮೇಜಿನ ಮೇಲೆ ಜೋಡಿಯಾಗಿ ನಿಲ್ಲಿಸಿದರು.

"ಇದ್ರಲ್ಲಿ ಯಾವುದು ಏಳು ಮಾರಾಯ್ರೆ?"

ಮಿಸ್ತ್ರಿ ಮುಂದೆ ಬಂದರು.

"ಕಾಗದದಾಗ ಇರೂದು ಆ ತಗ್ಗಿಂದು. ಈ ಕಡೀಂದು ನಂದ್ರಿ. ನಾನ ಇಟ್ಟೇನಿ. ಅಕ್ಕೋರಿಗೆ ಗೊತ್ತಿಲ್ಲ."

"ಗೊತ್ತಿತ್ತು," ಎಂದೆ ನಾನು. ಅದನ್ನು ಹೇಳಲು ಬೇಕಾದ ಧೈರ್ಯ ಎಲ್ಲಿಂದ ಬಂತೋ ತಿಳಿಯದು. ಬಹುಶಃ ಅವರೊಬ್ಬರೇ ಕಟಕಟೆಯಲ್ಲಿ ನಿಂತಂತೆ ನಿಂತದ್ದನ್ನು ನೋಡಲಾಗಲಿಲ್ಲ. ಮಿಸ್ತ್ರಿ ನನ್ನ ಕಡೆ ತಿರುಗಿ ನೋಡಿದ ನೋಟದಲ್ಲಿ ಕೃತಜ್ಞತೆಗಿಂತ, ಇಷ್ಟು ಚೆನ್ನಾಗಿ ಹೇಳಿದ ಸುಳ್ಳನ್ನು ಹಾಳು ಮಾಡಿದಿರಲ್ಲ ಎಂಬ ಬೇಸರವೇ ಹೆಚ್ಚಿತ್ತು.

ಪರಿಶೀಲಕರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ಎಳೆದುಕೊಂಡು ಕೂತು ನಿಧಾನವಾಗಿ ಹೇಳಿದರು. ನಡುಗಡಲಿನಲ್ಲಿ ಒಂದು ಬೋಲ್ಟು ಮುರಿದರೆ ಅದರ ಜೊತೆ ಹುಟ್ಟಿದ ಬೋಲ್ಟುಗಳೆಲ್ಲ ಎಲ್ಲೆಲ್ಲಿವೆ ಎಂದು ಹುಡುಕಬೇಕು. ಹಡಗು ಕಟ್ಟಿಕೊಂಡು ಜನ ಹೋಗಬೇಕು, ಅಲೆಯಿದ್ದರೆ ವಾರಗಟ್ಟಲೆ ಕಾಯಬೇಕು. ಆಗ ಏಳನೇ ನಂಬರಿನವು ಎರಡಿದ್ದರೆ ಕಾಗದಕ್ಕೆ ಯಾವ ಬೆಲೆ? ಹೀಗೆ ಹೇಳಿ ಹಾಳೆಯ ತುದಿಯಲ್ಲಿ ಕೆಂಪು ಶಾಯಿಯಿಂದ ಅನುತ್ತೀರ್ಣ ಎಂದು ಬರೆದರು. ಹತ್ತು ವರ್ಷ ಮಕ್ಕಳ ಉತ್ತರಪತ್ರಿಕೆಗಳ ಮೇಲೆ ಅದನ್ನೇ ಬರೆದವಳು ನಾನು. ತಿರುಗಿ ನನಗೇ ಬಂದಾಗ ಹೇಗಿರುತ್ತದೆಂದು ಅವತ್ತು ಗೊತ್ತಾಯಿತು.

ಹೊರಡುವಾಗ ಎರಡೂ ಏಳನ್ನು ಅವರು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಇದು ಲೆಕ್ಕಕ್ಕಿಲ್ಲ, ಆದರೆ ಪುಣೆಯ ಲ್ಯಾಬಿನಲ್ಲಿ ಎರಡನ್ನೂ ಎಳೆಸಿ ನೋಡುತ್ತೇನೆ ಎಂದರು. ಕುತೂಹಲ ಅವರಿಗೂ ಇತ್ತು.

ಉತ್ತರ ಬರುವವರೆಗಿನ ದಿನಗಳಲ್ಲಿ ಮಿಸ್ತ್ರಿ ಬಹಳ ಲಹರಿಯಲ್ಲಿದ್ದರು. ಫೇಲಾದ ಚಿಂತೆ ನನ್ನೊಬ್ಬಳದೇ. ಅವರಿಗೆ ಗೆಲ್ಲುವುದು ತಮ್ಮ ಏಳೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಲೇಥಿನ ಮುಂದೆ ನಿಂತು ಗುನುಗುತ್ತಿದ್ದರು. ಶೌಚಾಲಯಕ್ಕೆ ಹೋಗುವಾಗ ರೋಲಿಂಗ್ ಮಷೀನಿಗೆ ನಮಸ್ಕಾರದ ಸನ್ನೆ ಬೇರೆ.

ಲ್ಯಾಬಿನ ವರದಿ ಬಂದದ್ದು ಊಟದ ಹೊತ್ತಿಗೆ. ಒತ್ತಿದ ಏಳನ್ನು ಲಕ್ಷಗಟ್ಟಲೆ ಸಲ ಜಗ್ಗಿ ಬಿಟ್ಟರೂ ಅದು ಮುರಿಯಲಿಲ್ಲ, ಕಡೆಗೆ ಮಷೀನನ್ನೇ ನಿಲ್ಲಿಸಿದರಂತೆ. ಕಡೆದ ಏಳು ಅದಕ್ಕಿಂತ ಬಹಳ ಮೊದಲೇ ತುಂಡಾಗಿತ್ತು. ವರದಿಯ ಜೊತೆ ಮುರಿದ ತುಂಡುಗಳನ್ನೂ ಕಳಿಸಿದ್ದರು. ನಾನು ಹಾಳೆಯನ್ನು ಓದಿ ಹೇಳಲಿಲ್ಲ, ತುಂಡುಗಳನ್ನು ಮಿಸ್ತ್ರಿಯ ಕೈಗೆ ಕೊಟ್ಟೆ. ಅವರು ಬುತ್ತಿ ಅಲ್ಲೇ ಮುಚ್ಚಿಟ್ಟು, ಬೆಳಕಿಗೆ ಹೋಗಿ, ಭೂತಗನ್ನಡಿ ಹಿಡಿದು ಕೂತರು. ಥ್ರೆಡ್ಡಿನ ತಳದಲ್ಲಿ, ಉಳಿ ಲೋಹವನ್ನು ಸೀಳಿದಲ್ಲೇ, ಬಿರುಕು ಹುಟ್ಟಿತ್ತು. ನಾಲ್ಕು ಗಂಟೆಗೆ ನನ್ನ ಮೇಜಿನ ಹತ್ತಿರ ಬಂದು ಅರ್ಧ ದಿನದ ರಜೆ ಬೇಕು ಎಂದರು. ಅರ್ಧ ದಿನ ಆಗಲೇ ಮುಗಿದುಹೋಗಿತ್ತು. ನಾನು ಹೋಗಿ ಬರ್ರಿ ಎಂದೆ. ಸೈಕಲ್ಲು ಅಲ್ಲೇ ಬಿಟ್ಟು ನಡೆದುಕೊಂಡೇ ಹೋದರು. ಅವರ ಬೆನ್ನು ನೋಡುತ್ತಾ, ಅವತ್ತು ಪೆಟ್ಟಿಗೆಯಿಂದ ಆ ಬೋಲ್ಟನ್ನು ತೆಗೆದಿಟ್ಟಿದ್ದರೆ ಈ ಮನುಷ್ಯನಿಗೆ ಈ ಸಂಜೆ ಬರುತ್ತಿರಲಿಲ್ಲ ಎಂದು ನನಗೆ ಅನಿಸಿತು. ನನ್ನ ತುಂಟತನಕ್ಕೆ ಅವತ್ತೊಂದು ದಿನ ನಾಚಿಕೆಪಟ್ಟೆ.

ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅವರು ಲೇಥಿನ ಮುಂದೆ ಇರಲಿಲ್ಲ. ರೋಲಿಂಗ್ ಮಷೀನಿನ ಹೊಟ್ಟೆ ಬಿಚ್ಚಿ, ಅದರ ಅಂಗಾಂಗಗಳನ್ನು ನೆಲದ ಮೇಲೆ ಹರಡಿಕೊಂಡು, ಮಧ್ಯದಲ್ಲಿ ಕೂತಿದ್ದರು.

"ಇದು ಗಡಗಡ ಅನ್ನೂದು ಇದರ ತಪ್ಪಲ್ರಿ," ಎಂದರು ತಲೆಯೆತ್ತದೆ. "ಯಾರೋ ರೋಲರ ಸೊಟ್ಟ ಕೂಡಿಸ್ಯಾರ. ಇಂಥಾದ್ದರ ಕೂಡ ಸೋತೆನಲ್ಲ, ಸರಿ ಮಾಡಿದರ ಏನ ಮಾಡೀತು ನೋಡೂಣು."

ಮೂರು ವಾರ ಅವರು ಅದರ ಹಿಂದೆ ಬಿದ್ದರು. ರೋಲರಿನ ಸದ್ದು ಕೇಳಿ ಒತ್ತಡ ಹೆಚ್ಚೋ ಕಡಿಮೆಯೋ ಹೇಳುವಷ್ಟಾದರು. ಮಷೀನನ್ನು ಶೌಚಾಲಯದ ಎದುರಿನಿಂದ ಎಬ್ಬಿಸಿ ಶೆಡ್ಡಿನ ನಡುವೆ, ಕಿಟಕಿಯ ಬೆಳಕು ಬೀಳುವಲ್ಲಿ ನಿಲ್ಲಿಸಿದರು. ಮೊದಲು ಅದು ಅಲ್ಲಿ ಯಾಕಿತ್ತು ಎಂದು ಯಾರೋ ಕೇಳಿದ್ದಕ್ಕೆ, ಅಕ್ಕೋರು ಹೇಳಿದ್ದರು ಎಂದುಬಿಟ್ಟರು.

ಮರುಪರೀಕ್ಷೆಗೆಂದು ಪರಿಶೀಲಕರು ಎರಡನೇ ಸಲ ಬಂದಾಗ ಕಪಾಟುಗಳನ್ನೆಲ್ಲ ಮೊದಲು ಹುಡುಕಿದರು. ಎಣ್ಣೆ ಬಟ್ಟೆಗಳನ್ನು ಎತ್ತಿ ನೋಡಿದರು. ಏನೂ ಸಿಗಲಿಲ್ಲ. ಪಾಸಾದೆವು. ಆದರೆ ಸಿಕ್ಕ ಆರ್ಡರು ಕಂಬಗಳನ್ನು ಜೋಡಿಸುವ ದೊಡ್ಡ ಬೋಲ್ಟುಗಳದಲ್ಲ. ಕಂಬದ ಒಳಗಿನ ಏಣಿ, ಅಟ್ಟ, ಕೈ ಆಸರೆಯ ಸರಳುಗಳ ಬೋಲ್ಟುಗಳದು. ಮತ್ತೆ ಏಣಿಯೇನ್ರಿ ಎಂದು ಮಿಸ್ತ್ರಿ ಮುಖ ಸಣ್ಣದು ಮಾಡಿದರು. ಪರಿಶೀಲಕರು ಅವರ ಹೆಗಲ ಮೇಲೆ ಕೈಯಿಟ್ಟು, ಎಣ್ಣೆಯಿಂದ ಬಂದವರು ಎಲ್ಲರೂ ಇಲ್ಲಿಂದಲೇ ಹತ್ತುವುದು, ನನ್ನನ್ನೂ ಮೊದಲು ಏಣಿ ಎಣಿಸಲು ಹಾಕಿದ್ದರು ಎಂದು ಸಮಾಧಾನ ಹೇಳಿದರು. ಈಗ ನಮ್ಮ ಅರ್ಧ ಕೆಲಸ ಎಣ್ಣೆಯವರದು, ಅರ್ಧ ಗಾಳಿಯವರದು. ಒಬ್ಬರು ಸುಮ್ಮನಾದಾಗ ಇನ್ನೊಬ್ಬರು ಫೋನು ಮಾಡುತ್ತಾರೆ. ಲೇಥೂ ನಿಂತಿಲ್ಲ, ರೋಲರೂ ನಿಂತಿಲ್ಲ.

ಇಷ್ಟಾದ ಮೇಲೆ ಮುಂಬೈಯ ಶೇಠರು ಇದೆಲ್ಲ ತಮ್ಮದೇ ಯೋಜನೆ ಎಂದು ಒಂದು ಬಣ್ಣದ ಪುಸ್ತಿಕೆ ಮಾಡಿಸಿದರು. ಅದಕ್ಕೆ ನಮ್ಮ ಫೋಟೋ ಬೇಕು, ಹಿಂದೆ ಸಮುದ್ರ ಕಾಣಬೇಕು ಎಂದು ಪೀಡಿಸಿದರು. ಬೈಲಹೊಂಗಲದಲ್ಲಿ ಸಮುದ್ರ ಎಲ್ಲಿಂದ ತರುವುದು? ಒಂದು ಭಾನುವಾರ ಮಿಸ್ತ್ರಿಯೂ ನಾನೂ ಬೋಲ್ಟಿನ ಪೆಟ್ಟಿಗೆ ಹೊತ್ತುಕೊಂಡು ಸವದತ್ತಿಯ ಹತ್ತಿರ ಮಲಪ್ರಭೆಯ ಹಿನ್ನೀರಿನ ದಂಡೆಗೆ ಹೋದೆವು. ಆ ವರ್ಷ ಮಳೆ ಚೆನ್ನಾಗಿತ್ತು, ಕಣ್ಣು ಹಾಯುವಷ್ಟು ದೂರ ನೀರೇ ನೀರು. ಹೆಲ್ಮೆಟ್ ಹಾಕಿ, ಗಾಳಿಗೆ ಸೆರಗು ಹಾರಿಸಿಕೊಂಡು, ಗಂಭೀರವಾಗಿ ನಿಂತು ಫೋಟೋ ತೆಗೆಸಿಕೊಂಡೆವು. ಎಲ್ಲಿಯದೆಂದು ಶೇಠರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಅವರು ಅದರ ಕೆಳಗೆ 'ನಮ್ಮ ಕರಾವಳಿ ಘಟಕ' ಎಂದು ಅಚ್ಚು ಹಾಕಿಸಿ ದೇಶವಿದೇಶಕ್ಕೆ ಕಳಿಸಿದರು.

ವಾರದೊಳಗೆ ಮಂಗಳೂರಿನ ಪರಿಶೀಲಕರ ಫೋನು ಬಂತು. ಪುಸ್ತಿಕೆ ತಲುಪಿತು, ಫೋಟೋ ಬಹಳ ಚೆನ್ನಾಗಿದೆ ಎಂದರು. ನಾನು ಉಸಿರು ಬಿಡುವಷ್ಟರಲ್ಲಿ ಮುಂದುವರಿಸಿದರು.

"ಆದ್ರೆ ಮೇಡಂ, ನಿಮ್ಮ ಸಮುದ್ರದಲ್ಲಿ ಎಮ್ಮೆ ಈಜ್ತಾ ಉಂಟಲ್ಲ."

ಪುಸ್ತಿಕೆ ಬಿಚ್ಚಿ ನೋಡಿದೆ. ಮಿಸ್ತ್ರಿಯ ಮೊಣಕೈಯ ಪಕ್ಕದಲ್ಲಿ, ನೀರಿನ ಮೇಲೆ, ಎರಡು ಕೊಂಬು ಮತ್ತು ಒಂದು ಮೂಗು ಸ್ಪಷ್ಟವಾಗಿ ಕಾಣುತ್ತಿದ್ದವು. ಸುದ್ದಿ ಹೇಳಿದಾಗ ಮಿಸ್ತ್ರಿ ಕೆಲಸ ನಿಲ್ಲಿಸಲಿಲ್ಲ. ಎಮ್ಮೆಗೆ ನಂಬರು ಹಾಕಿಲ್ಲ, ಕಾಗದದಾಗ ಅದು ಇಲ್ಲವೇ ಇಲ್ಲ ಅಂತ ಹೇಳ್ರಿ ಎಂದು ರೋಲರಿನ ಸದ್ದಿಗೆ ಕಿವಿಗೊಟ್ಟು ನಿಂತರು.